ನವಿಲು ಬೋರ್ಡಿನ ಡ್ರಾಯಿಂಗ್ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ತಡ ಎನ್ನುವುದು ನನಗೆ ಹೊಸದಲ್ಲ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ವರ್ಷಗಟ್ಟಲೆ ಕೂತು, 'ಈಗ ಬರ್ತೈತ್ರಿ, ಇನ್ನೇನು ಬಂತು' ಎಂದು ಜನರಿಗೆ ಸಮಾಧಾನ ಹೇಳಿದವನು ನಾನು. ಹರಪನಹಳ್ಳಿಯ ಹಳೆಯ ಗೆಳೆಯರೊಬ್ಬರು ಸಿಕ್ಕು, "ನಿಮ್ಮ ನವಿಲು ಮೇಷ್ಟ್ರು ಹೋಗಿಬಿಟ್ರಲ್ಲ" ಎಂದಾಗ ನಾನು ಮೊದಲು ನಕ್ಕೆ. ಅವರು ಗಾಬರಿಯಾದರು. ಆಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೇಷ್ಟ್ರ ನೆನಪು ನನಗೆ ಬರುವುದೇ ಹೀಗೆ, ನಗು ಮೊದಲು, ಉಳಿದದ್ದು ಹಿಂದಿನಿಂದ.

ಅವರ ಹೆಸರು ಬರೆಯುವುದಿಲ್ಲ. ತಾವು ಬರೆದ ಪ್ರತಿ ಚಿತ್ರದ ಕೆಳಗೂ ಅವರೇ ತಮ್ಮ ಹೆಸರನ್ನು ಗೇಣುದ್ದದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡದಾಗಿ ಬರೆಯಲು ನನ್ನ ಹತ್ತಿರ ಜಾಗವಿಲ್ಲ, ಚಿಕ್ಕದಾಗಿ ಬರೆದರೆ ಅವರು ಒಪ್ಪುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರು ಊರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಎತ್ತರದ ಆಳು, ಬಿಳಿ ಜುಬ್ಬ, ಆ ಜುಬ್ಬದ ಬಲತೋಳಿನಲ್ಲಿ ಇವತ್ತು ನೀಲಿ ಕಲೆಯಿದ್ದರೆ ನಾಳೆ ಕೆಂಪು. ಸೈಕಲ್ಲಿನ ಹ್ಯಾಂಡಲ್ಲಿಗೆ ಕುಂಚ ತುಂಬಿದ ಡಬ್ಬಿ ನೇತುಹಾಕಿಕೊಂಡು ಶಾಲೆಗೆ ಹೊರಟರೆ ಓಣಿಯ ರಂಗೋಲಿಗಳೆಲ್ಲ ಅವರ ಪರೀಕ್ಷೆಗೆ ಕೂರಬೇಕಿತ್ತು. ಸೈಕಲ್ ನಿಲ್ಲಿಸಿ, "ಅಕ್ಕಾ, ಈ ಎಳಿ ಎತ್ತ ಹೊಂಟೈತಿ? ಪಾಪ, ನಡುದಾರಿಯಾಗ ನಿಂತೈತಲ್ಲ" ಎನ್ನುತ್ತಿದ್ದರು. ಅವರ ಬೆಲ್ಲಿನ ಸದ್ದು ಕೇಳಿದ ಕೂಡಲೇ ರಂಗೋಲಿಯನ್ನು ಕಾಲಲ್ಲಿ ಒರೆಸಿ ಒಳಗೆ ಓಡುತ್ತಿದ್ದ ಹೆಂಗಸರನ್ನು ನಾನೇ ಕಂಡಿದ್ದೇನೆ. ನನ್ನ ಹೆಂಡತಿಯೂ ಅವರಲ್ಲೊಬ್ಬಳು.

"ಬರೇ ಗೆರಿ ಎಳದ್ರ ಅದು ಬೇಲಿ ಆಗತೈತಿ ನೋಡ್ರಿ" ಎನ್ನುವುದು ಅವರ ಮಾತು. "ಅದರಾಗ ಒಂದು ಹೂವ ಅರಳಬೇಕು. ಆವಾಗ ಅದು ಚಿತ್ರ."

ಹೂವು ಎಲ್ಲಿ ಬೇಕಾದರೂ ಅರಳುತ್ತಿತ್ತು. ಒಮ್ಮೆ ವಿಜ್ಞಾನದ ಮೇಷ್ಟ್ರು, ಕಪ್ಪೆಯ ಜೀರ್ಣಾಂಗಗಳ ಚಾರ್ಟ್ ಬರೆದುಕೊಡಿ ಎಂದು ಇವರನ್ನು ಕೇಳಿದರು. ಕಪ್ಪೆ ಎಂದ ಮೇಲೆ ನೀರು ಬೇಕು, ನೀರು ಎಂದ ಮೇಲೆ ಕೊಳ, ಕೊಳ ಎಂದ ಮೇಲೆ ತಾವರೆ. ಮೂರು ದಿನ ಬಿಟ್ಟು ಚಾರ್ಟ್ ಬಂತು. ಬೆಳಗಿನ ಬಿಸಿಲು, ತಾವರೆ, ಎರಡು ಕೊಕ್ಕರೆ, ಒಂದು ಮೂಲೆಯಲ್ಲಿ ನಾಚಿಕೊಂಡು ಕುಳಿತ ಕಪ್ಪೆ, ಅದರ ಹೊಟ್ಟೆಯೊಳಗೆ ಸಾಸಿವೆ ಕಾಳಿನಷ್ಟು ಜಠರ. ಇಡೀ ಶಾಲೆ ಕೊಂಡಾಡಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಕಪ್ಪೆಯ ಜೀರ್ಣಾಂಗವ್ಯೂಹದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆಗೆ ತರಗತಿಯ ಮುಕ್ಕಾಲು ಪಾಲು ಮಕ್ಕಳು ತಾವರೆ ಬರೆದಿದ್ದರು. ಒಬ್ಬಳು ಕೊಕ್ಕರೆಯನ್ನೂ ಗುರುತಿಸಿದ್ದಳು.

ಹೆಡ್‌ಮಾಸ್ಟರರಿಗೆ ಮಾತ್ರ ಇಂಥ ಚಿತ್ರದಿಂದ ಲಾಭವೇ ಆಯಿತು. ಆ ವರ್ಷ ಶಾಲೆಯ ಫಲಿತಾಂಶ ಮಕಾಡೆ ಬಿದ್ದಿತ್ತು. ತನಿಖೆಗೆ ಬರುವ ಇನ್ಸ್‌ಪೆಕ್ಟರಿಗೆ ತೋರಿಸಲು ಐದು ವರ್ಷದ ಫಲಿತಾಂಶದ ಚಾರ್ಟ್ ಬೇಕಿತ್ತು. ಮೇಷ್ಟ್ರು ಒಂದು ಗುಡ್ಡ ಬರೆದರು. ಗುಡ್ಡದ ಮೇಲೆ ಐದು ಗುಡಿಸಲು, ಪ್ರತಿ ಗುಡಿಸಲಿನಿಂದ ಹೊಗೆ, ಹೊಗೆಯ ಎತ್ತರ ಅಂದರೆ ಆ ವರ್ಷ ಪಾಸಾದವರ ಲೆಕ್ಕ. ಆದರೆ ಗಾಳಿ ಬೀಸಿದಂತೆ ಹೊಗೆ ಬಾಗಿತ್ತು. ಇನ್ಸ್‌ಪೆಕ್ಟರು ಬಹಳ ಹೊತ್ತು ನೋಡಿ, "ಈ ಸಲ ಏರಿದೆಯೋ ಇಳಿದಿದೆಯೋ?" ಎಂದರಂತೆ. ಹೆಡ್‌ಮಾಸ್ಟರು, "ಗಾಳಿ ಐತ್ರಿ ಸರ್" ಎಂದರಂತೆ. ಇನ್ಸ್‌ಪೆಕ್ಟರಿಗೆ ಚಿತ್ರ ಎಷ್ಟು ಹಿಡಿಸಿತೆಂದರೆ ಅದನ್ನು ಸುತ್ತಿಸಿಕೊಂಡು ಮನೆಗೇ ಒಯ್ದರು. ಅಂದಿನಿಂದ ಹೆಡ್‌ಮಾಸ್ಟರಿಗೆ ಡ್ರಾಯಿಂಗ್ ಮೇಷ್ಟ್ರು ದೇವರು.

ಇಂಥವರ ಕೈಗೆ ನಾನು ಬಸ್ಸುಗಳ ವೇಳಾಪಟ್ಟಿ ಕೊಟ್ಟೆ.

ತಪ್ಪು ನನ್ನದೂ ಹೌದು. ನಿಲ್ದಾಣದ ಹಳೆಯ ತಗಡಿನ ಬೋರ್ಡು ತುಕ್ಕು ಹಿಡಿದು ಅಕ್ಷರ ಅಳಿಸಿತ್ತು. ಬೇಸಿಗೆ ರಜೆಯಲ್ಲಿ ಮೇಷ್ಟ್ರು ಸುಮ್ಮನೆ ಬಂದು ಕೂತಿದ್ದರು. "ಬಣ್ಣ ನೀವು ತರಿಸ್ರಿ, ಕೈ ನಂದು" ಎಂದರು. ಎಲ್ಲ ಬಸ್ಸುಗಳ ಪಟ್ಟಿಯನ್ನು ಬರೆದುಕೊಟ್ಟೆ. ಅವರು ಬೋರ್ಡಿನ ಸುತ್ತ ಗೋಣಿತಟ್ಟಿನ ಮರೆ ಕಟ್ಟಿಸಿ, ಹನ್ನೆರಡು ದಿನ ಒಳಗೆ ಯಾರನ್ನೂ ಬಿಡಲಿಲ್ಲ.

ಮರೆ ತೆಗೆದ ದಿನ ನಾನೂ ಬಾಯಿಬಿಟ್ಟು ನಿಂತೆ. ಆಳೆತ್ತರದ ನವಿಲು, ಗರಿ ಬಿಚ್ಚಿ ಕುಣಿಯುತ್ತಿದೆ. ನವಿಲಿನ ಎದೆಯೇ ಕೊಟ್ಟೂರು. ಒಂದೊಂದು ಗರಿ ಒಂದೊಂದು ದಾರಿ. ಗರಿಯ ತುದಿಯ ಕಣ್ಣಿನಲ್ಲಿ ಊರಿನ ಹೆಸರು: ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಬಳ್ಳಾರಿ. ಗರಿಯ ಎಳೆಗಳ ನಡುವೆ ಬಸ್ಸಿನ ವೇಳೆ, ಅದೂ ಬಳ್ಳಿಯ ಹಾಗೆ ಸುರುಳಿ ಬಿಟ್ಟ ಕನ್ನಡ ಅಂಕಿಯಲ್ಲಿ. ಗರಿಗಳು ಒಂದರ ಮೇಲೊಂದು ಹಾದು, ಬಳುಕಿ, ಹೆಣೆದುಕೊಂಡಿದ್ದವು. ಕೆಳಗೆ ಗೇಣುದ್ದದ ಅಕ್ಷರದಲ್ಲಿ ಮೇಷ್ಟ್ರ ಹೆಸರು.

ಊರಿಗೆ ಊರೇ ಬಂತು. ಹೊಸದಾಗಿ ಮದುವೆಯಾದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಾನಹೊಸಹಳ್ಳಿ ಕಡೆಯವರು, "ನಮ್ಮೂರಿಗೂ ಹಿಂತಾದ್ದು ಒಂದು ಬರಕೊಡ್ರಿ" ಎಂದು ಕರೆಯಲು ಬಂದರು. ಯಾರನ್ನು ಕೇಳಿದರೂ, "ಬಾಳ ಚೆಂದ ಐತ್ರಿ, ಬಾಳ ಸಲೀಸು ತಿಳೀತೈತಿ" ಎನ್ನುವವರೇ. ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತು, ನೋಡುವವರ ಮುಖ ನೋಡುತ್ತಿದ್ದರು.

ಆ ಬೆಂಚಿನ ಪಕ್ಕದಲ್ಲೇ ಹುಲಿಗೆವ್ವ ಹುರಿದ ಶೇಂಗಾ ಮಾರುತ್ತಿದ್ದಳು. ಓದು ಬರದ ಹೆಂಗಸು, ಆದರೆ ಯಾವ ಬಸ್ಸು ಯಾವಾಗ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನಾನು ಒಂದು ವಿಚಿತ್ರ ಗಮನಿಸಿದೆ. ಜನ ಬೋರ್ಡಿನ ಮುಂದೆ ನಿಂತು, ಕತ್ತು ಓರೆ ಮಾಡಿ, 'ಆಹಾ' ಎಂದು, ನೇರ ಹುಲಿಗೆವ್ವನ ಹತ್ತಿರ ಹೋಗಿ, "ಯವ್ವಾ, ಹಡಗಲಿ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳುತ್ತಿದ್ದರು. ಮೇಷ್ಟ್ರಿಗೆ ಅದು ಕಾಣುತ್ತಿರಲಿಲ್ಲ. ಅವರು ಕೇಳಿಸಿಕೊಳ್ಳುತ್ತಿದ್ದದ್ದು 'ಆಹಾ' ಒಂದನ್ನೇ.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಏಳು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಕೋಗಳಿಯ ಕೂಲಿಯವನೊಬ್ಬ ಮಗಳನ್ನು ಕರೆದುಕೊಂಡು ನನ್ನ ಕಿಟಕಿಗೆ ಬಂದ. ಮಗಳ ಹೆಸರು ಶಾಂತಾ, ಎಸ್ಸೆಸ್ಸೆಲ್ಸಿ ಪಾಸಾದವಳು. ಅವರ ಕೇರಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ನರ್ಸ್ ತರಬೇತಿಯ ಆಯ್ಕೆಗೆ ಬಳ್ಳಾರಿಗೆ ಹೋಗಬೇಕು, ಹನ್ನೊಂದಕ್ಕೆ ಅಲ್ಲಿರಬೇಕು.

"ಬಳ್ಳಾರಿ ಬಸ್ಸು ಏಳೂ ನಲವತ್ತಕ್ಕಲ್ರಿ?" ಎಂದಳು ಹುಡುಗಿ.

"ಆರೂ ನಲವತ್ತಕ್ಕ ಹೋತವ್ವಾ. ಇನ್ನ ಹತ್ತರ ಮ್ಯಾಲ."

"ಇಲ್ರಿ, ಬೋರ್ಡಿನ್ಯಾಗ ಏಳೂ ನಲವತ್ತು ಅಂತ ಐತಿ. ನಿನ್ನಿ ಸಂಜಿಕಿ ಬಂದು ನೋಡಿ ಬರಕೊಂಡೀನಿ" ಎಂದು ಕೈಯಲ್ಲಿದ್ದ ಚೀಟಿ ತೋರಿಸಿದಳು.

ಬೆಂಚಿನಲ್ಲಿದ್ದ ಮೇಷ್ಟ್ರು ಎದ್ದು ಬಂದರು. "ಬಾ ತಾಯಿ, ಎಲ್ಲಿ ಐತಿ ತೋರ್ಸು" ಎಂದರು. ಹುಡುಗಿ ಬಳ್ಳಾರಿಯ ಕಣ್ಣಿನ ಮೇಲೆ ಬೆರಳಿಟ್ಟು, ಗರಿಯಗುಂಟ ಇಳಿಸಿ, ೭-೪೦ರ ಮೇಲೆ ನಿಲ್ಲಿಸಿದಳು. "ಹಂಗಲ್ಲವ್ವಾ, ಅದು ಹಡಗಲಿ ಗರಿ. ಹಿಂಗ ನೋಡಬೇಕು" ಎಂದು ಮೇಷ್ಟ್ರು ತಮ್ಮ ಬೆರಳಿಟ್ಟರು. ಬೆರಳು ಬಳುಕುತ್ತ ಇಳಿಯಿತು. ಎರಡು ಗರಿ ಹಾಯುವಲ್ಲಿ ಸ್ವಲ್ಪ ತಡೆಯಿತು. ಮುಂದೆ ಸರಿದು ಹೋಗಿ ನಿಂತದ್ದು ೭-೪೦ರ ಮೇಲೆಯೇ. ಅವರು ಬೆರಳನ್ನು ನೋಡಿಕೊಂಡರು. ಇನ್ನೊಮ್ಮೆ ಮೇಲಿನಿಂದ ಇಳಿಸಿದರು. ಮತ್ತೆ ಅಲ್ಲಿಗೇ ಬಂತು.

ಹುಡುಗಿಯ ತಂದೆ ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದ: "ಆ ಶೇಂಗಾದ ಯವ್ವನ್ನ ಕೇಳಾಣು ಅಂದ್ನಿರಿ. ನಾ ಓದೀನಲ್ಲಪ್ಪಾ, ಕೇಳಾದು ಯಾಕ ಅಂದ್ಲು."

ಮೇಷ್ಟ್ರ ಮುಖವನ್ನು ನಾನು ಆಗ ನೋಡಬಾರದಿತ್ತು. ಅವರು ನೇರ ರಸ್ತೆಗೆ ಓಡಿದರು. ಬಳ್ಳಾರಿಗೆ ಶೇಂಗಾ ಹೊತ್ತು ಹೊರಟಿದ್ದ ಲಾರಿಯೊಂದರ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು. ಡ್ರೈವರ್ ಬೈದ. ಅವರು ಕೈಮುಗಿದರು. ಅಪ್ಪ, ಮಗಳು, ಮೇಷ್ಟ್ರು ಮೂವರೂ ಮುಂದಿನ ಸೀಟಿನಲ್ಲಿ ತುರುಕಿಕೊಂಡು ಹೋದರು. ಆ ದಿನ ಶಾಲೆಯಲ್ಲಿ ಡ್ರಾಯಿಂಗ್ ಪಾಠ ಆಗಲಿಲ್ಲ.

ಬಳ್ಳಾರಿಯಲ್ಲಿ ಬಾಗಿಲಾಚೆ ನಿಂತು ಕಂಡು ಕೇಳಿದ್ದನ್ನು ಶಾಂತಾಳ ತಂದೆ ಆಮೇಲೆ ನನಗೆ ಹೇಳಿದ. ಲಾರಿ ದಾರಿಯಲ್ಲಿ ಎರಡು ಕಡೆ ನಿಂತು, ಇವರು ಮುಟ್ಟುವ ಹೊತ್ತಿಗೆ ಶಾಂತಾಳ ಹೆಸರು ಕೂಗಿ ಆಗಿತ್ತು. ಬಾಗಿಲಲ್ಲಿದ್ದ ಜವಾನ ಬಿಡಲಿಲ್ಲ. ಮೇಷ್ಟ್ರು ಬಗ್ಗಿ ಅವನ ಕಂಕುಳ ಕೆಳಗಿನಿಂದ ಒಳಗೆ ನುಗ್ಗಿದರಂತೆ. ಅಲ್ಲಿ ಕೂತಿದ್ದ ಹೆಣ್ಣು ಅಧಿಕಾರಿ, "ಯಾರು ನೀವು? ಹುಡುಗಿಯ ತಂದೆಯೇ?" ಎಂದು ಕೇಳಿದರು.

"ಅಲ್ರಿ ಅಮ್ಮಾರ, ಅವರು ಹೊರಗ ಅದಾರ. ನಾನು ಬೋರ್ಡ್ ಬರದಾವ."

"ಯಾವ ಬೋರ್ಡು?"

"ನವಿಲಿಂದು."

ಅಧಿಕಾರಿಗೆ ಏನೂ ತಿಳಿಯಲಿಲ್ಲ. ಮೇಷ್ಟ್ರು ಅವರ ಮೇಜಿನ ಮೇಲಿದ್ದ ಹಾಳೆಯನ್ನೇ ಎಳೆದುಕೊಂಡು ನವಿಲು ಬರೆದು, ಬಳ್ಳಾರಿ ಗರಿ ಯಾವುದು, ಹಡಗಲಿ ಗರಿ ಯಾವುದು, ಎಲ್ಲಿ ಹಾಯುತ್ತವೆ ಎಂದು ವಿವರಿಸಿದರು. "ಈಕಿ ತಪ್ಪು ಓದಿಲ್ರಿ. ನಾನು ತಪ್ಪು ಬರದೀನಿ. ಬರದಾವಗೇ ಓದಾಕ ಬರಲಿಲ್ಲ ಇವತ್ತು." ಅಧಿಕಾರಿ ನಕ್ಕರಂತೆ, ಪಕ್ಕದಲ್ಲಿ ಕೂತವರೂ ನಕ್ಕರಂತೆ. ಕೊನೆಗೆ ಎಲ್ಲರದೂ ಮುಗಿದ ಮೇಲೆ ಹುಡುಗಿಯನ್ನು ಐದು ನಿಮಿಷ ಒಳಗೆ ಕರೆದರು.

ಆ ವರ್ಷದ ಪಟ್ಟಿಯಲ್ಲಿ ಶಾಂತಾಳ ಹೆಸರು ಬರಲಿಲ್ಲ. ತಡವಾದದ್ದಕ್ಕೋ ಬೇರೆ ಕಾರಣಕ್ಕೋ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಮಾತ್ರ ತಮ್ಮಿಂದಲೇ ಎಂದು ತೀರ್ಮಾನ ಮಾಡಿಕೊಂಡರು. ಪಟ್ಟಿ ಬಂದ ಮಾರನೆಯ ದಿನ ನನ್ನ ಕಿಟಕಿಗೆ ಬಂದು, "ಕಂಟ್ರೋಲರ್ರೇ, ಒಂದು ಏಣಿ ಕೊಡ್ರಿ" ಎಂದರು. ಬಿಳಿ ಬಣ್ಣದ ಡಬ್ಬಿ ತಂದಿದ್ದರು.

ಹುಲಿಗೆವ್ವ ಅಡ್ಡ ಬಂದಳು. "ಯಪ್ಪಾ ಮೇಷ್ಟ್ರೇ, ಜೀವ ಇದ್ದಂಗ ಐತಿ. ಹೆಂಗ ಮನಸು ಬರ್ತೈತ್ರಿ ನಿಮಗ?"

"ಜೀವ ಐತವ್ವಾ, ದಾರಿ ಇಲ್ಲ" ಎಂದರು. ಗರಿಗಳನ್ನೆಲ್ಲ ಬಳಿದರು, ಕಾಲು ಬಳಿದರು, ಕತ್ತು ಬಳಿದರು. ನವಿಲಿನ ಕಣ್ಣನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ, ಸಣ್ಣ ಕುಂಚದಿಂದ ಮುಚ್ಚಿದರು. ತಮ್ಮ ಹೆಸರನ್ನು ಯಾವಾಗ ಬಳಿದರೋ ನಾನು ನೋಡಲಿಲ್ಲ.

ಆಮೇಲೆ ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ದಿನಾ ಬಂದು ಹುಲಿಗೆವ್ವನ ಬುಟ್ಟಿಯ ಪಕ್ಕ ಕೂರುತ್ತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್ಕು. ಜನ ಏನು ಕೇಳುತ್ತಾರೆ, ಅವಳು ಏನು ಹೇಳುತ್ತಾಳೆ ಎಂದು ಬರೆದುಕೊಳ್ಳುವುದು. ಒಂದು ಸಂಜೆ ಬಂದು ಬೆರಗಿನಿಂದ ಹೇಳಿದರು: "ಯಾರೂ ದಾರಿ ಕೇಳಂಗಿಲ್ರಿ! 'ನಮ್ಮೂರಿಗೆ ಮುಂದಿನ ಬಸ್ ಯಾವಾಗ' ಅಂತಾರ, ಇಲ್ಲಾ 'ಕೊನೀ ಬಸ್ ಯಾವಾಗ' ಅಂತಾರ. ಎರಡೇ ಪ್ರಶ್ನಿ. ನಾನು ಮೂರನೇದಕ್ಕ ಉತ್ತರ ಬರದು ಕುಂತಿದ್ನಿ."

ಹೊಸ ಬೋರ್ಡು ಬಂತು. ಬಿಳಿ ತಗಡಿನ ಮೇಲೆ ಕಪ್ಪು ಅಕ್ಷರ, ಊರಿಗೊಂದು ಕಂಬದಂಥ ನೇರ ಸಾಲು, ಅದರಲ್ಲಿ ಮೇಲಿಂದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ವೇಳೆ, ಕೊನೆಯ ಬಸ್ಸು ಕೆಂಪಿನಲ್ಲಿ. ಮೇಷ್ಟ್ರು ಅದರ ಪರೀಕ್ಷೆಯನ್ನೂ ಮಾಡಿದರು. ಬಂದವರನ್ನು ಹಿಡಿದು, "ಅಣ್ಣಾ, ಹರಪನಹಳ್ಳಿ ಕೊನೀ ಬಸ್ಸು ಹುಡುಕು ನೋಡಾನು" ಎನ್ನುವುದು, ಹುಡುಕುವಷ್ಟರಲ್ಲಿ ಹುಲಿಗೆವ್ವ ಎಷ್ಟು ಶೇಂಗಾ ಸುಲಿದಳು ಎಂದು ಎಣಿಸುವುದು. ಎರಡೋ ಮೂರೋ ಕಾಯಿ ಸುಲಿಯುವಷ್ಟರಲ್ಲಿ ಉತ್ತರ ಬರುತ್ತಿತ್ತು. "ನವಿಲು ಇದ್ದಿದ್ರ ಬುಟ್ಟಿನ ಖಾಲಿ ಆಗತಿತ್ತು" ಎಂದು ಅವಳು ನಕ್ಕಳು. ಸುಲಿದದ್ದನ್ನೆಲ್ಲ ಮೇಷ್ಟ್ರೇ ತಿಂದರು.

ಇಷ್ಟಕ್ಕೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊರು ಸಿಟ್ಟಾಯಿತು.

"ನವಿಲು ಎಲ್ರಿ?" ಎಂದು ನನ್ನ ಕಿಟಕಿಗೆ ಸಾಲು ಹಚ್ಚಿದರು. ಬಟ್ಟೆ ಅಂಗಡಿಯ ಸಾವ್ಕಾರರು ಬಂದು, "ಆ ಬೋರ್ಡಿದ್ದಾಗ ಎಷ್ಟು ಸಲೀಸಾಗಿ ಬಸ್ ಸಿಗತಿತ್ತು. ಇದೇನ್ರಿ, ರೇಶನ್ ಅಂಗಡಿ ಬೋರ್ಡ್ ಇದ್ದಂಗ ಐತಿ. ತಲಿಗಿ ಹತ್ತಂಗಿಲ್ಲ" ಎಂದರು.

ಹುಲಿಗೆವ್ವ ಕೂತಲ್ಲಿಂದಲೇ, "ಸಾವ್ಕಾರ್ರೇ, ಆವಾಗೂ ನೀವು ನನ್ನ ಕೇಳೇ ಹತ್ತತಿದ್ರಿ" ಎಂದಳು.

"ಅದು ಬ್ಯಾರೆ ಮಾತು" ಎಂದರು ಸಾವ್ಕಾರರು.

ನಿಜವಾದ ತೊಂದರೆ ಸಿಟ್ಟಿನದಲ್ಲ. ಹೊಸ ಬೋರ್ಡಿನ ಹತ್ತಿರ ಜನ ಹೋಗುತ್ತಲೇ ಇರಲಿಲ್ಲ. ದೂರದಿಂದ ಅದನ್ನು ಸರ್ಕಾರದ ಯಾವುದೋ ನೋಟೀಸು ಎಂದುಕೊಂಡು, ಬೆನ್ನು ತಿರುಗಿಸಿ, ಹುಲಿಗೆವ್ವನ ಹತ್ತಿರ ಹೋಗುತ್ತಿದ್ದರು. ಮೇಷ್ಟ್ರು ಹಿಡಿದು ನಿಲ್ಲಿಸಿದರೆ ಓದಲು ಕಷ್ಟವೇನಿಲ್ಲ, ಹಿಡಿಯದಿದ್ದರೆ ಓದುವವರಿಲ್ಲ. ಅವರು ತಲೆಯ ಮೇಲೆ ಕೈಹೊತ್ತು ಕೂತರು. "ಅದು ಕರೀತಿತ್ತು, ಹೇಳತಿರಲಿಲ್ಲ. ಇದು ಹೇಳತೈತಿ, ಕರಿಯಂಗಿಲ್ಲ" ಎಂದರು. "ನನಗ ಎರಡೂ ಬೇಕಲ್ರಿ ಕಂಟ್ರೋಲರ್ರೇ."

ಮೂರನೆಯ ಸಲ ಏಣಿ ಕೇಳಿದಾಗ ನನಗೆ ಭಯವಾಯಿತು. ಆದರೆ ಈ ಸಲ ಅವರು ಅಂಕಿಗಳನ್ನು ಮುಟ್ಟಲಿಲ್ಲ. ಪ್ರತಿ ಊರಿನ ಕಂಬದ ನೆತ್ತಿಯ ಮೇಲೆ, ಅಂಗೈಯಗಲದ ಒಂದೊಂದೇ ಚಿತ್ರ ಬರೆದರು. ಹಡಗಲಿಗೆ ಮಲ್ಲಿಗೆಯ ಮಾಲೆ. ಹಗರಿಬೊಮ್ಮನಹಳ್ಳಿಗೆ ನೀರಹಕ್ಕಿ. ಹರಪನಹಳ್ಳಿಗೆ ಕೋಟೆಯ ಬುರುಜು. ಬಳ್ಳಾರಿಗೆ ಬಂಡೆಗುಡ್ಡ. ಕೂಡ್ಲಿಗಿಗೆ, ಆ ಕಡೆಯ ಗುಡ್ಡಗಳಲ್ಲಿ ಇರುತ್ತದೆಂದು, ಒಂದು ಕರಡಿ. ಆ ಚಿತ್ರದ ಬಣ್ಣವೇ ಕೆಳಗೆ ಆ ಊರಿನ ಕಂಬಕ್ಕೂ ತೆಳುವಾಗಿ ಇಳಿದಿತ್ತು. ಯಾವ ಬಣ್ಣವೂ ಪಕ್ಕದ ಬಣ್ಣವನ್ನು ಮುಟ್ಟುತ್ತಿರಲಿಲ್ಲ.

ಜನ ಬಂದರು. ಚಿತ್ರ ನೋಡಲು ಬಂದವರ ಕಣ್ಣು ತಾನಾಗಿ ಕೆಳಗೆ ಇಳಿಯಿತು. ಓದು ಬರದವರೂ ತಮ್ಮ ಕಂಬವನ್ನು ಗುರುತು ಹಿಡಿದು, ಪಕ್ಕದಲ್ಲಿ ನಿಂತವರನ್ನು, "ಕರಡಿ ಕೆಳಗ ಏನು ಬರದೈತಿ ನೋಡಪಾ" ಎಂದು ಕೇಳತೊಡಗಿದರು. ಕೂಡ್ಲಿಗಿ ಬಸ್ಸು ಬಂದರೆ ಮಕ್ಕಳು, "ಕರಡಿ ಬಸ್ ಬಂತು" ಎಂದು ಕೂಗುತ್ತಿದ್ದವು. ಕೂಡ್ಲಿಗಿಯ ಇಬ್ಬರು ಹಿರಿಯರು ಬಂದು, "ಹಡಗಲಿಯವರು ಹೂವು, ನಾವು ಕರಡಿ ಏನ್ರಿ?" ಎಂದು ಜಗಳ ತೆಗೆದರು. ಮೇಷ್ಟ್ರು ಅವರಿಗೆ ಚಹಾ ಕುಡಿಸಿ, ಕರಡಿಯ ಕೈಗೆ ಒಂದು ಜೇನುಗೂಡು ಬರೆದುಕೊಟ್ಟು ರಾಜಿ ಮಾಡಿಕೊಂಡರು. ಹುಲಿಗೆವ್ವನಿಗೆ ಮಾತ್ರ ಬೇಜಾರು. "ನನ್ನ ಯಾರೂ ಮಾತಾಡ್ಸಾಕ ಬರವಲ್ರು" ಎಂದು ಗೊಣಗುತ್ತಿದ್ದಳು. ಮೇಷ್ಟ್ರು ದಿನಾ ಹೋಗಿ ಮಾತಾಡಿಸಿ ಬರುತ್ತಿದ್ದರು.

ಮರುವರ್ಷ ಶಾಂತಾ ಮತ್ತೆ ಬಳ್ಳಾರಿಗೆ ಹೊರಟಳು. ಮೇಷ್ಟ್ರು ಹಿಂದಿನ ಸಂಜೆಯೇ ಬಂದು ನನ್ನ ಕೋಣೆಯಲ್ಲಿ ಅಡಗಿ ಕೂತರು. ಹುಡುಗಿ ತಂದೆಯ ಜೊತೆ ಬಂದಳು, ಬೋರ್ಡು ನೋಡಿದಳು, ಯಾರನ್ನೂ ಕೇಳದೆ ಚೀಟಿಯಲ್ಲಿ ಬರೆದುಕೊಂಡು ಹೋದಳು. "ಏನು ಬರಕೊಂಡ್ಲೋ ಏನೋ" ಎಂದು ಮೇಷ್ಟ್ರು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಬೆಳಿಗ್ಗೆ ಆರೂವರೆಗೆ ಅವಳು ಬಸ್ಸಿನ ಕಿಟಕಿಯಲ್ಲಿ ಕೂತಿದ್ದಳು. ಈ ಸಲ ಪಟ್ಟಿಯಲ್ಲಿ ಅವಳ ಹೆಸರಿತ್ತು. ತರಬೇತಿ ಮುಗಿದ ಮೇಲೆ ಹಿರೇಹಡಗಲಿ ಕಡೆ ಕೆಲಸಕ್ಕೆ ಸೇರಿದಳು.

ಮೇಷ್ಟ್ರು ಆಮೇಲೂ ರಂಗೋಲಿಗಳ ಮುಂದೆ ಸೈಕಲ್ ನಿಲ್ಲಿಸುತ್ತಿದ್ದರು. ವಿಜ್ಞಾನದ ಮೇಷ್ಟ್ರಿಗೆ ಹೊಸ ಕಪ್ಪೆ ಬರೆದುಕೊಟ್ಟರು. ಈ ಸಲ ಹಾಳೆಯ ತುಂಬ ಕಪ್ಪೆಯೇ ಇತ್ತು, ತಾವರೆಯ ಎಲೆ ಮಾತ್ರ ಒಂದು, ಕಪ್ಪೆ ಕೂರಲು. "ಅಷ್ಟೂ ಬ್ಯಾಡಂದ್ರ ನಾನು ಬದುಕಾದು ಹೆಂಗ್ರಿ?" ಎಂದು ನನ್ನನ್ನು ಕೇಳಿದ್ದರು.

ನನಗೆ ಬೇರೆ ಊರಿಗೆ ವರ್ಗವಾಗುವ ಮೊದಲಿನ ಬೇಸಿಗೆ. ಒಂದು ಮಧ್ಯಾಹ್ನ ಮೇಷ್ಟ್ರು ಜುಬ್ಬದ ಗುಂಡಿಯನ್ನೂ ಹಾಕಿಕೊಳ್ಳದೆ ನಿಲ್ದಾಣದೊಳಗೆ ಓಡಿಬಂದರು. ನಾನು, "ಏನ್ ಮೇಷ್ಟ್ರೇ" ಎಂದು ಕೂಗಿದೆ. ಕೇಳಿಸಲಿಲ್ಲ. ಬೋರ್ಡಿನ ಕಡೆ ಒಮ್ಮೆ ತಲೆಯೆತ್ತಿದರು, ತಿರುಗಿದರು, ಹೊರಡುತ್ತಿದ್ದ ಹರಪನಹಳ್ಳಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹತ್ತಿಕೊಂಡರು. ನನಗೆ ಸ್ವಲ್ಪ ಬೇಸರವೂ ಆಯಿತು. ಇಷ್ಟು ವರ್ಷದ ಗೆಳೆತನದಲ್ಲಿ ಕಿಟಕಿಗೆ ಬಾರದೆ ಅವರು ಎಂದೂ ಹೋದವರಲ್ಲ.

ಮೂರನೆಯ ದಿನ ಪೇಡೆಯ ಪೊಟ್ಟಣ ಹಿಡಿದು ಬಂದರು. ಹರಪನಹಳ್ಳಿಯಲ್ಲಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂದಿತ್ತಂತೆ. ಈಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಹೆಣ್ಣುಮಗು.

"ಮೊನ್ನಿ ಮಾತು ಸೈತ ಆಡಸಲಿಲ್ಲ ನೀವು" ಎಂದೆ. "ಹೋಗ್ಲಿ, ಬೋರ್ಡ್ ಆದ್ರೂ ನೋಡಿದ್ರಲ್ಲ."

"ಯಾವ ಬೋರ್ಡು?" ಎಂದರು. "ನಾನೆಲ್ಲಿ ಬೋರ್ಡ್ ನೋಡ್ದೆ? ನಾನು ಬಸ್ ನೋಡ್ದೆ."

"ಅಲ್ರಿ, ತಲಿ ಎತ್ತಿ ನೋಡಿದ್ರಿ. ನೋಡಿದ ಮ್ಯಾಲೇ ಓಡಿದ್ರಿ. ನಾನು ಇಲ್ಲೇ ಕುಂತಿದ್ನಿ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ತಿರುಗಿ ಬೋರ್ಡಿನ ಕಡೆ ನೋಡಿದರು. ಪೇಡೆಯ ಪೊಟ್ಟಣವನ್ನು ನನ್ನ ಕಿಟಕಿಯಲ್ಲಿಟ್ಟು, ಅಲ್ಲಿಗೆ ಹೋಗಿ ಹರಪನಹಳ್ಳಿಯ ಬುರುಜಿನಿಂದ ಕೆಳಗೆ ಬೆರಳಿಳಿಸಿದರು; ಅದು ನೇರ ಅವರು ಹತ್ತಿದ ಬಸ್ಸಿನ ವೇಳೆಯ ಮೇಲೆಯೇ ನಿಂತಿತು. ಆಮೇಲೆ ಬೆಂಚಿನ ಮೇಲೆ ಕೂತು, ಮೊಣಕಾಲು ತಟ್ಟಿಕೊಳ್ಳುತ್ತ ಒಬ್ಬರೇ ನಗತೊಡಗಿದರು.

ಹುಲಿಗೆವ್ವ ನನ್ನ ಕಿಟಕಿಗೆ ಬಂದು, "ಮೇಷ್ಟ್ರಿಗಿ ಏನಾತ್ರಿ?" ಎಂದು ಮೆಲ್ಲಗೆ ಕೇಳಿದಳು.

"ಮೊಮ್ಮಗಳು ಹುಟ್ಯಾಳ" ಎಂದು ಹೇಳಿ ಅವಳ ಕೈಗೆ ಒಂದು ಪೇಡೆ ಇಟ್ಟೆ.